ಕುರ್ಪಿ ಹಿಡಿದ ಕೈಗೆ ಕೂಲಿ ಎಷ್ಟು?

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಮುಗಿದು ನೆಲ ಆರಿತೆಂದರೆ ನಮ್ಮ ಕಡೆ ಉತ್ಖನನದ, ಅಂದರೆ ಹಳೆಯ ಕಾಲದ ಕುರುಹಿಗಾಗಿ ನೆಲ ಅಗೆಯುವ, ಹಂಗಾಮು ಶುರುವಾಗುತ್ತದೆ. ಮಸ್ಕಿ, ಪಿಕ್ಲಿಹಾಳ, ತೆಕ್ಕಲಕೋಟೆ, ಸಂಗನಕಲ್ಲು, ಕುಡತಿನಿ, ಹಿರೇಬೆಣಕಲ್: ದಕ್ಷಿಣ ಭಾರತದ ಪ್ರಾಚೀನ ಕಾಲದ ಮಾತು ಬಂದಲ್ಲೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳದ ಈ ಊರುಗಳು ಬಂದೇ ಬರುತ್ತವೆ. ಅಲ್ಲಿ ಏನು ಸಿಕ್ಕಿತು, ಎಷ್ಟು ಹಳೆಯದು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿದ್ದು ಅಗೆಯುವವರ ವಿಚಾರ. ಅವರಿಗೆ ಬರಬೇಕಾದ ಪಗಾರ ಎಷ್ಟು, ಕೆಲಸದ ಜಾಗ ಹೇಗಿರಬೇಕು, ಆ ಕೆಲಸದ ಕಟ್ಟುನಿಟ್ಟು ಏನು.

ಹೇಳುವುದು ಒಂದೇ ಮಾತು. ಉತ್ಖನನದಲ್ಲಿ ಕುರ್ಪಿ, ಅಂದರೆ ಮಣ್ಣು ಕೆರೆಯುವ ಕೈಹತಾರ, ಹಿಡಿಯುವುದು ಕುಶಲ ಕೆಲಸ. ಮಸ್ಟರ್ ರೋಲಿನಲ್ಲಿ, ಅಂದರೆ ಕೂಲಿಯವರ ಹಾಜರಿ ಪಟ್ಟಿಯಲ್ಲಿ, ಅದನ್ನು ಕುಶಲ ಎಂದೇ ಬರೆಯಬೇಕು, ಕುಶಲದ ಕೂಲಿಯನ್ನೇ ಕೊಡಬೇಕು. ನನ್ನ ಮಿಕ್ಕ ಮಾತೆಲ್ಲ ಮರೆತರೂ ಅಡ್ಡಿಯಿಲ್ಲ, ಇದನ್ನು ಮರೆಯಬೇಡಿ.

"ಮಣ್ಣು ಅಗೆಯೋದರಲ್ಲಿ ಎಂಥಾ ಕುಶಲತೆ ಸ್ವಾಮಿ" ಎಂದು ಕೇಳುವವರು ಇದ್ದಾರೆ. ಹೆಚ್ಚಾಗಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಅವರು. ಹಾಗಾಗಿ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ದಾರ ಹಿಡಿದು, ಗೂಟ ಬಡಿದು ಚೌಕ ಹಾಕುತ್ತಾರೆ. 5 ಮೀಟರ್ ಉದ್ದ, 5 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಎರಡು ಚೌಕಗಳ ನಡುವೆ ಅಗೆಯದೆ ಬಿಡುವ ಮಣ್ಣಿನ ಗೋಡೆಗೆ ಬಾಕ್ ಎನ್ನುತ್ತಾರೆ. 1947ರಲ್ಲಿ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ರೂಢಿಗೆ ತಂದವರು. ಆ ಗೋಡೆ ಯಾಕೆ ಬೇಕು? ಯಾವ ಮಣ್ಣಿನ ಮೇಲೆ ಯಾವ ಮಣ್ಣು ಬಿದ್ದಿದೆ ಎಂಬ ಲೆಕ್ಕ ಉಳಿಯುವುದು ಅದರ ಮೈಯಲ್ಲಿ ಮಾತ್ರ. ಮಿಕ್ಕ ಮಣ್ಣೆಲ್ಲ ಪುಟ್ಟಿಯಲ್ಲಿ ಹೋಗಿಬಿಟ್ಟಿರುತ್ತದೆ. ಹೋದ ಮಣ್ಣನ್ನು ಮತ್ತೆ ತಂದು ಅದೇ ಕ್ರಮದಲ್ಲಿ ಯಾರೂ ತುಂಬಲಾರರು. ಅಗೆದದ್ದು ಅಗೆದಂತೆಯೇ.

ಈಗ ನೋಡಿ, ನಮ್ಮ ಎರೆನಾಡಿನಲ್ಲಿ, ಅಂದರೆ ಕಪ್ಪುಮಣ್ಣಿನ ಸೀಮೆಯಲ್ಲಿ, ಹಿಂದೆ ಮನೆಮನೆಗೂ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇರುತ್ತಿತ್ತು. ಹಗೇವು ತೋಡಿದವರಿಗೆ, ಹಾಳುಬಿದ್ದ ಹಗೇವು ಮುಚ್ಚಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತುಂಬಿದ ಮಣ್ಣು ಮೂಲದ ಮಣ್ಣಿನಂತೆ ಗಟ್ಟಿ ಇರುವುದಿಲ್ಲ, ಬಣ್ಣವೂ ಬೇರೆ. ಎರಡೂವರೆ ಸಾವಿರ ವರ್ಷದ ಹಿಂದಿನವರೂ ಹಗೇವು ತೋಡಿದ್ದಾರೆ, ತಮಗಿಂತ ಹಿಂದಿನವರು ಬಾಳಿದ ನೆಲವನ್ನು ಕೊರೆದುಕೊಂಡೇ ಕೆಳಗೆ ಇಳಿದಿದ್ದಾರೆ. ಆ ಗುಂಡಿಯ ಬಾಯಿ ಕಾಣದೆ ಅಗೆದುಬಿಟ್ಟರೆ ಮೇಲಿನ ಕಾಲದ ಮಡಕೆಚೂರು ಕೆಳಗಿನ ಕಾಲದ ಚೂರಿನ ಜೊತೆ ಒಂದೇ ಚೀಲಕ್ಕೆ ಬೀಳುತ್ತದೆ. ಅಲ್ಲಿಗೆ ಆ ಚೌಕದ ಕಾಲನಿರ್ಣಯ ಕೆಟ್ಟಿತು. ಪ್ರಯೋಗಾಲಯಕ್ಕೆ ಎಷ್ಟು ದುಡ್ಡು ಸುರಿದರೂ ಸರಿಹೋಗದು. ಗುಂಡಿಯ ಬಾಯಿ ಮೊದಲು ಗೊತ್ತಾಗುವುದು ಯಾರಿಗೆ? ಮೇಲೆ ನೋಟ್‌ಬುಕ್ ಹಿಡಿದು ನಿಂತವರಿಗಲ್ಲ. ಕುರ್ಪಿಯ ಮೊನೆ ಇದ್ದಕ್ಕಿದ್ದಂತೆ ಸಲೀಸಾಗಿ ಒಳಗೆ ಹೋಯಿತಲ್ಲ, ಅದು ಗೊತ್ತಾಗುವುದು ಕುರ್ಪಿ ಹಿಡಿದವನ ಮಣಿಕಟ್ಟಿಗೆ. ಅವನು ಅಲ್ಲಿಗೇ ಕೈ ನಿಲ್ಲಿಸಿ, "ಸರ್, ಇಲ್ಲಿ ಮೆತ್ತಗೈತಿ" ಎನ್ನಬೇಕು. ಆ ಒಂದು ಮಾತಿಗೆ ಕೊಡುವ ಕೂಲಿಯೇ ಕುಶಲ ಕೂಲಿ.

ಇದಕ್ಕೆ ಬೂದಿಗುಡ್ಡಗಳ, ಅಂದರೆ ನಮ್ಮ ಸೀಮೆಯಲ್ಲಿ ಕಾಣುವ ಪ್ರಾಚೀನ ಬೂದಿರಾಶಿಗಳ, ಕಥೆ ಹೇಳಲೇಬೇಕು. ತುಸು ಉದ್ದವಾದೀತು, ಆದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕುಡತಿನಿಯ ಬೂದಿಗುಡ್ಡವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಹಂಪಿಯ ಹತ್ತಿರ ನಿಂಬಾಪುರದ ಬೂದಿರಾಶಿಯನ್ನು ವಾಲಿಯನ್ನು ಸುಟ್ಟ ಬೂದಿ ಎಂದು ನಮ್ಮ ಹಿರಿಯರು ತೋರಿಸುತ್ತಿದ್ದರು. 19ನೇ ಶತಮಾನದ ವಿದ್ವಾಂಸರೂ ಇದಕ್ಕಿಂತ ತುಂಬ ದೂರವೇನೂ ಹೋಗಿರಲಿಲ್ಲ. ಒಬ್ಬರು ಜ್ವಾಲಾಮುಖಿ ಎಂದರು, ಒಬ್ಬರು ಲೋಹ ಕರಗಿಸಿದ ಕಿಟ್ಟ ಎಂದರು, ಮತ್ತೊಬ್ಬರು ಯುದ್ಧದಲ್ಲಿ ಸತ್ತವರ ಚಿತೆ ಎಂದರು. ಅವರದೂ ಪೂರ್ತಿ ತಪ್ಪಲ್ಲ, ಬೂದಿಯ ಕೆಲವು ಪದರ ಗಾಜಿನಂತೆ ಕರಗಿ ಹೆಪ್ಪುಗಟ್ಟಿದೆ, ನೋಡಿದರೆ ಕಿಟ್ಟದಂತೆಯೇ ಕಾಣುತ್ತದೆ. ದನದ ಸಗಣಿ ಸುಟ್ಟ ಬೂದಿ ಇದು ಎಂದು ಗುರುತಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯರು. ಆದರೂ ವಾದ ನಿಲ್ಲಲಿಲ್ಲ. 1960ರ ಹೊತ್ತಿಗೆ ಫ್ರೆಡರಿಕ್ ಜೊಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪರೀಕ್ಷೆ ಮಾಡಿ, ಹೌದು, ಇದು ಸಗಣಿಯೇ ಎಂದು ತೋರಿಸಿದರು.

ಸಗಣಿ ಸರಿ. ಆದರೆ ಯಾರೋ ದೂರದಿಂದ ಹೊತ್ತು ತಂದು ಸುರಿದದ್ದೋ, ದನ ಅಲ್ಲೇ ನಿಂತು ಹಾಕಿದ್ದೋ? ಇದಕ್ಕೆ ಉತ್ತರ ಸಿಕ್ಕಿದ್ದು ಯಾವ ಪರೀಕ್ಷಾ ನಳಿಕೆಯಲ್ಲೂ ಅಲ್ಲ. ರಾಯಚೂರಿನಿಂದ ಕೃಷ್ಣೆ ದಾಟಿದರೆ ಮಹಬೂಬನಗರದ ಸೀಮೆಯಲ್ಲಿ ಉಟ್ನೂರು ಎಂಬ ಊರಿದೆ. 1957ರಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಅಲ್ಲಿಯ ಬೂದಿಗುಡ್ಡವನ್ನು ಅಗೆಸಿದರು. ಸುತ್ತ ಕಂಬ ನೆಟ್ಟು ದೊಡ್ಡಿ ಮಾಡಿದ್ದರ ಗುಣಿಗಳು ಸಿಕ್ಕವು. ಪದರದ ಮೇಲೆ ದನದ ಗೊರಸಿನ ಗುರುತುಗಳೂ ಸಿಕ್ಕವು. ದನ ಅಲ್ಲಿ ನಿಂತಿದ್ದವು, ಮಲಗಿದ್ದವು, ದೊಡ್ಡಿ ಸುಟ್ಟಮೇಲೆ ಮತ್ತೆ ಕಟ್ಟಿದ್ದರು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ದನದ ದೊಡ್ಡಿ! ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಗೊರಸಿನ ಗುರುತು ಎಂದರೆ ಏನು, ಯೋಚನೆ ಮಾಡಿ. ಅದು ವಸ್ತುವಲ್ಲ, ಕೈಗೆ ಎತ್ತಿಕೊಳ್ಳಲು ಬರುವುದಿಲ್ಲ. ಮೂರು ನಾಲ್ಕು ಬೆರಳಿನಷ್ಟು ಅಗಲದ ಒಂದು ತಗ್ಗು, ಅದರೊಳಗೆ ಇನ್ನೊಂದು ಬಣ್ಣದ ಪುಡಿ. ಗುದ್ದಲಿ ಬಿದ್ದರೆ ಗುರುತು ಹೋಯಿತು. ಕುರ್ಪಿಯನ್ನು ನೆಟ್ಟಗೆ ಚುಚ್ಚಿದರೂ ಹೋಯಿತು. ಅಂಚನ್ನು ಮಲಗಿಸಿ ಹಿಡಿದು, ತನ್ನ ಕಡೆಗೆ ಎಳೆದುಕೊಳ್ಳುತ್ತ, ಒಮ್ಮೆಗೆ ಒಂದು ನೂಲಿನಷ್ಟು ಕೆರೆಯಬೇಕು. ಮೇಲಿನ ಪದರ ಕೆಳಗಿನ ಪದರದಿಂದ ಹೊಪ್ಪಳಿಕೆಯಂತೆ ಬಿಟ್ಟುಕೊಳ್ಳುವ ಜಾಗ ಗೊತ್ತಾಗಬೇಕು. ಆಮೇಲೆ ಕುರ್ಪಿ ಇಟ್ಟು ಬ್ರಷ್ ಹಿಡಿಯಬೇಕು. ಬ್ರಷ್ಷನ್ನೂ ತಗ್ಗಿನ ಒಳಗಿನಿಂದ ಹೊರಕ್ಕೆ ಆಡಿಸಬೇಕು. ಹೊರಗಿನಿಂದ ಒಳಕ್ಕೆ ಆಡಿಸಿದರೆ ಅಂಚು ಸವೆದು ಗುಂಡಗಾಗುತ್ತದೆ, ಗೊರಸಿನ ಸೀಳು ಕಾಣುವುದಿಲ್ಲ. ಕಂಬದ ಗುಣಿಯದೂ ಇದೇ ಪಾಡು: ಕಂಬ ಕೊಳೆತು ಹೋಗಿರುತ್ತದೆ, ಉಳಿದಿರುವುದು ದುಂಡನೆಯ ಒಂದು ಕಪ್ಪು ಕಲೆ. ಇಂಥ ಕೈಯನ್ನು ದಿನಗೂಲಿ ಪಟ್ಟಿಯಲ್ಲಿ ಹಾರೆ ಹಿಡಿದು ಕಾಲುವೆ ತೋಡುವ ಕೈಯ ಸಾಲಿನಲ್ಲೇ ಬರೆಯುತ್ತಾರೆ. ಕಾಲುವೆ ತೋಡುವುದನ್ನು ನಾನು ಹಗುರ ಮಾಡುತ್ತಿಲ್ಲ, ಅದರ ಕಷ್ಟ ಬೇರೆ. ಎರಡಕ್ಕೂ ಒಂದೇ ದರ್ಜೆ ಕೊಡುವುದು ಲೆಕ್ಕಪತ್ರದವರ ಸೋಮಾರಿತನ.

ದರ್ಜೆ ಎಂದೆನಲ್ಲ, ದುಡ್ಡಿನ ವಿಷಯಕ್ಕೆ ಬರೋಣ. ಕನಿಷ್ಠ ಕೂಲಿಯಲ್ಲಿ ನಾಲ್ಕು ಮೆಟ್ಟಿಲು: ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕೆಲಸ ಮಾಡಿಸಿದರೆ ಕೇಂದ್ರದ ದರ. ರಾಜ್ಯ ಪುರಾತತ್ತ್ವ ಇಲಾಖೆ ಮಾಡಿಸಿದರೆ ರಾಜ್ಯದ ದರ. ಕೇಂದ್ರದ ದರಕ್ಕೆ ವರ್ಷದಲ್ಲಿ ಎರಡು ಸಲ, ಏಪ್ರಿಲ್ 1ಕ್ಕೆ ಮತ್ತು ಅಕ್ಟೋಬರ್ 1ಕ್ಕೆ, ತುಟ್ಟಿಭತ್ಯೆ ಸೇರುತ್ತದೆ. ಊರುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. 2024ರ ಅಕ್ಟೋಬರ್ 1ರಿಂದ ಎ ವಲಯದಲ್ಲಿ, ಅಂದರೆ ದೊಡ್ಡ ನಗರಗಳಲ್ಲಿ, ಕಟ್ಟಡ ಕೆಲಸದ ಅಕುಶಲ ಕೂಲಿ ದಿನಕ್ಕೆ 783 ರೂಪಾಯಿ, ಅರೆಕುಶಲ 868, ಕುಶಲ 954, ಅತಿಕುಶಲ 1,035 ಎಂದು ಮಾಡಿದರು. ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಕಡಿಮೆ. ಆದರೆ ಮೆಟ್ಟಿಲಿನ ಎತ್ತರ ನೋಡಿ. ಈ ಎ ವಲಯದ ಲೆಕ್ಕದಲ್ಲೇ ಅಕುಶಲಕ್ಕೂ ಕುಶಲಕ್ಕೂ ದಿನಕ್ಕೆ 171 ರೂಪಾಯಿ ಅಂತರ. 25 ದಿನಕ್ಕೆ 4,275. ನಾಲ್ಕು ತಿಂಗಳ ಒಂದು ಹಂಗಾಮಿಗೆ 17,100. ಮಸ್ಟರ್ ರೋಲಿನಲ್ಲಿ ಒಂದು ಅಕ್ಷರ ತಪ್ಪಿ ಬಿದ್ದದ್ದಕ್ಕೆ ಒಂದು ಮನೆಗೆ ಆಗುವ ನಷ್ಟ ಇದು.

ಅಕುಶಲದ 'ಅ' ತೆಗೆಸಿ. ಕೆಲಸಕ್ಕೆ ಸೇರುವ ದಿನವೇ ಕೇಳಿ, ಹಂಗಾಮು ಮುಗಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಮಸ್ಟರ್ ರೋಲಿನಲ್ಲಿ ನಿಮ್ಮ ಹೆಸರಿನ ಮುಂದೆ ದರ್ಜೆ, ದಿನದ ದರ, ಹಾಜರಿಯ ದಿನಗಳು ಇವೆಯೇ ನೋಡಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ಅಗೆಯುವುದರಲ್ಲಿ ಒಂದೆರಡು ಹಂಗಾಮು ಪಳಗಿದವರು ಕೆಲಸ ಮಾಡಿಸಿದವರಿಂದ ಒಂದು ಪತ್ರ ಬರೆಸಿಕೊಳ್ಳಿ: ಇಂಥ ಜಾಗ, ಇಂಥ ವರ್ಷ, ಇಷ್ಟು ದಿನ, ಕುರ್ಪಿ ಕೆಲಸ, ಪದರ ಗುರುತಿಸಬಲ್ಲರು. ಮುಂದಿನ ಸಲ ಆಳುಗಳನ್ನು ಒದಗಿಸುವ ಬೇರೆ ಏಜೆನ್ಸಿ ಬಂದಾಗ ಆ ಪತ್ರವೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇನ್ನು ಗುತ್ತೆಯ ವಿಷಯ. ಉತ್ಖನನವನ್ನು ಘನಮೀಟರಿನ ಲೆಕ್ಕದಲ್ಲಿ ಗುತ್ತೆಗೆ ಕೊಡುವುದಕ್ಕಿಂತ ದೊಡ್ಡ ಮೂರ್ಖತನ ಇಲ್ಲ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ತೆಗೆದರೆ ಅಳತೆ ಹಿಡಿದು ಕೂಲಿ ಕೊಡುತ್ತಾರೆ, ಅಲ್ಲಿ ಅದು ಸರಿ. ಇಲ್ಲಿ ಲೆಕ್ಕ ಬೇರೆ. 5 ಮೀಟರ್ ಚೌಕದಲ್ಲಿ 10 ಸೆಂಟಿಮೀಟರ್ ಇಳಿದರೆ ಎರಡೂವರೆ ಘನಮೀಟರ್ ಮಣ್ಣು. ತೂಕ ಹೆಚ್ಚುಕಡಿಮೆ 4 ಟನ್. 15 ಕೆ.ಜಿ. ಹಿಡಿಯುವ ಪುಟ್ಟಿಯಲ್ಲಿ ಸುಮಾರು 250 ಪುಟ್ಟಿ. ಗುದ್ದಲಿ ಹಿಡಿದ ನಾಲ್ಕು ಜನ ಅದನ್ನು ಮಧ್ಯಾಹ್ನದೊಳಗೆ ಎತ್ತಿ ಹಾಕಿಯಾರು. ಆದರೆ ಆ 250 ಪುಟ್ಟಿಯೂ ಜರಡಿಯ ಮೇಲೆ ಹಾಯಬೇಕು. ಒಲೆಯೋ, ನೆಲಗಟ್ಟೋ ಕಂಡರೆ ಅಳೆದು, ಚಿತ್ರ ಬರೆದು, ಫೋಟೋ ಹಿಡಿಯುವವರೆಗೆ ಕೈಕಟ್ಟಿ ನಿಲ್ಲಬೇಕು. ಗುತ್ತೆಯವನು ನಿಂತರೆ ಅವನ ಹೊಟ್ಟೆಗೆ ಏಟು. ಹಾಗಾಗಿ ಅವನು ಒಲೆ ಕಂಡರೂ ಕಾಣದವನಂತೆ ಅಗೆಯುತ್ತಾನೆ, ಅದರಲ್ಲಿ ಅವನ ತಪ್ಪು ಏನೂ ಇಲ್ಲ. ಟೆಂಡರ್ ಬರೆದವರ ತಪ್ಪು. ಉತ್ಖನನಕ್ಕೆ ದಿನಗೂಲಿಯೇ ಇರಬೇಕು, ನಿಂತ ಹೊತ್ತೂ ಕೆಲಸದ ಹೊತ್ತೇ.

ಹಿಂದೆ ಬಕ್ಷೀಸು ಕೊಡುವ ಪದ್ಧತಿಯೂ ಇತ್ತು. ಮಣಿ ಸಿಕ್ಕರೆ ಇಷ್ಟು, ನಾಣ್ಯ ಸಿಕ್ಕರೆ ಇಷ್ಟು. ಕಳವು ತಪ್ಪುತ್ತದೆ ಎಂಬುದು ಅದರ ಗುಣ. ಬೇರೆ ಕಡೆ ಸಿಕ್ಕಿದ್ದನ್ನು ಇಲ್ಲಿ ಹುದುಗಿಸಿ "ಸಿಕ್ತು" ಎನ್ನುವ ಆಸೆ ಹುಟ್ಟುತ್ತದೆ ಎಂಬುದು ದೋಷ. ಪಗಾರ ಸರಿಯಾಗಿ ಕೊಟ್ಟರೆ ಎರಡರ ಚಿಂತೆಯೂ ಇಲ್ಲ.

ಜರಡಿ ಹಿಡಿಯುವವರು ಬಹುಪಾಲು ಹೆಣ್ಣುಮಕ್ಕಳು. ಮಣ್ಣು ಹೊರುವವರೂ ಅವರೇ, ಚೂರು ತೊಳೆಯುವವರೂ ಅವರೇ. ಎಳ್ಳುಕಾಳಿನಷ್ಟು ಮಣಿ, ಇಲಿಯ ಹಲ್ಲು, ಸುಟ್ಟ ಹುರುಳಿಕಾಳು ಇವೆಲ್ಲ ಸಿಗುವುದು ಜರಡಿಯಲ್ಲಿ ಮತ್ತು ಮಣ್ಣನ್ನು ನೀರಿನಲ್ಲಿ ತೇಲಿಸಿದಾಗ. ಸಂಗನಕಲ್ಲಿನ ಸೀಮೆಯ ಹೊಸಶಿಲಾಯುಗದವರು ಕೊರಲೆ, ಹುರುಳಿ, ಹೆಸರು ಉಣ್ಣುತ್ತಿದ್ದರು ಎಂದು ನಾವಿವತ್ತು ಹೇಳುವುದು ಹಾಗೆ ಸಿಕ್ಕ ಕಾಳುಗಳಿಂದ. ಚೂರು ತೊಳೆಯುವುದೂ ಸುಮ್ಮನೆ ಅಲ್ಲ. ಹೊಸಶಿಲಾಯುಗದ ಕೆಲವು ಬೂದುಬಣ್ಣದ ಮಡಕೆಗಳಿಗೆ ಸುಟ್ಟಮೇಲೆ ಕೆಮ್ಮಣ್ಣಿನ ಪಟ್ಟೆ ಬಳಿದಿರುತ್ತಾರೆ. ಬ್ರಷ್ ಹಾಕಿ ಉಜ್ಜಿದರೆ ಪಟ್ಟೆ ನೀರಿನಲ್ಲಿ ಹೋಗುತ್ತದೆ. ಆದ್ದರಿಂದ ಮೊದಲು ಒಂದು ಮೂಲೆಯನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡಬೇಕು. ಚೀಲದ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಬೇಕು, ಒಂದು ಒಳಗೆ, ಒಂದು ಹೊರಗೆ ಕಟ್ಟಬೇಕು. ಪೆನ್ನಿನ ಶಾಯಿ ಒದ್ದೆ ಚೂರಿಗೆ ತಾಗಿದರೆ ಸಂಜೆಯೊಳಗೆ ಹರಡಿ ಓದಲಾಗದಂತೆ ಆಗುತ್ತದೆ, ಆಮೇಲೆ ಆ ಚೀಲ ಯಾವ ಚೌಕದ್ದೆಂದು ದೇವರೇ ಹೇಳಬೇಕು. ಇಷ್ಟೆಲ್ಲ ಬಲ್ಲವರಿಗೆ ಹೆಂಗಸರ ಕೂಲಿ ಎಂದು ಬೇರೆ ದರ! 1976ರ ಸಮಾನ ವೇತನ ಕಾಯ್ದೆಯೂ ಅದನ್ನು ಒಪ್ಪಲಿಲ್ಲ, 2019ರ ವೇತನ ಸಂಹಿತೆಯೂ ಒಪ್ಪುವುದಿಲ್ಲ. ಅಕ್ಕತಂಗಿಯರೇ, ಜರಡಿ ಕೆಲಸವನ್ನೂ ದರ್ಜೆಗೆ ಸೇರಿಸಿ ಎಂದು ಕೇಳಿ.

ಇದ್ದಿಲಿನ ವಿಷಯದಲ್ಲಿ ಒಂದು ಮಾತು. ಕಾಲ ತಿಳಿಯಲು ಪ್ರಯೋಗಾಲಯಕ್ಕೆ ಕಳಿಸುವುದು ಆ ಇದ್ದಿಲನ್ನೇ. ಬರಿಗೈಯಲ್ಲಿ ಮುಟ್ಟಬಾರದು, ಕುರ್ಪಿಯ ತುದಿಯಲ್ಲೋ ಚಿಮಟದಲ್ಲೋ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಚೌಕದೊಳಗೆ ಬೀಡಿ ಸೇದಬೇಡಿ ಎಂದು ಮೇಸ್ತ್ರಿ ಬಯ್ಯುವುದು ಅದಕ್ಕೇ. ಇವತ್ತಿನ ಬೂದಿ ಅಂದಿನ ಇದ್ದಿಲಿಗೆ ಬೆರೆಯಬಾರದು.

ಈಗ ಕೆಲಸದ ಜಾಗ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಒದ್ದೆಯಾದರೆ ಉಬ್ಬುತ್ತದೆ. ಚೌಕದ ಗೋಡೆ ಬಿಸಿಲಿಗೆ ಮೂರ್ನಾಲ್ಕು ದಿನ ತೆರೆದಿದ್ದರೆ ಅಂಚಿಗೆ ಸಮನಾಗಿ ಹಿಂದೆ ಒಂದು ಬಿರುಕು ಬರುತ್ತದೆ. ಅದು ಕಂಡರೆ ಕೆಳಗೆ ಯಾರೂ ಇಳಿಯಬಾರದು. ಪದರದ ಬಣ್ಣ ಎದ್ದು ಕಾಣಲಿ ಎಂದು ಗೋಡೆಗೆ ನೀರು ಚಿಮುಕಿಸುತ್ತಾರಲ್ಲ, ಎರೆಯಲ್ಲಿ ಅದು ಹಿತಮಿತವಾಗಿರಬೇಕು. ಹೆಚ್ಚಾದರೆ ಉಬ್ಬಿ ಕಳಚಿ ಬೀಳುತ್ತದೆ. ಮೇಲೆ ತಾಡಪತ್ರಿಯ ನೆರಳು ಕಟ್ಟಿದರೆ ಆಳಿಗೂ ತಂಪು, ಗೋಡೆಯೂ ಉಳಿದೀತು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮ ಸ್ಪಷ್ಟವಾಗಿದೆ: 1.2 ಮೀಟರಿಗಿಂತ ಆಳವಾದರೆ ಏಣಿ ಇರಬೇಕು, ಅದು ಅಂಚಿನಿಂದ 90 ಸೆಂಟಿಮೀಟರ್ ಮೇಲೆ ಚಾಚಿರಬೇಕು. 1.5 ಮೀಟರ್ ದಾಟಿದರೆ ಬದಿಯನ್ನು ಮೆಟ್ಟಿಲು ಮಾಡಬೇಕು, ಇಲ್ಲವೇ ಹಲಗೆ ಕೊಟ್ಟು ಆನಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ನಮ್ಮಲ್ಲಿ ಹೊರುವ ಶ್ರಮ ಉಳಿಸಲೆಂದು ಮಣ್ಣನ್ನು ಅಂಚಿಗೇ ಗುಡ್ಡೆ ಹಾಕುತ್ತಾರೆ. ಆ ಭಾರವೇ ಗೋಡೆಯನ್ನು ಒಳಕ್ಕೆ ತಳ್ಳುವುದು. "ನಮಗೆ ನೆಟ್ಟನೆಯ ಗೋಡೆ ಬೇಕು, ಮೆಟ್ಟಿಲು ಮಾಡಿದರೆ ಪದರ ಕಾಣುವುದಿಲ್ಲ" ಎನ್ನುವ ತಜ್ಞರಿದ್ದಾರೆ. ಒಂದೊಂದು ಮೆಟ್ಟಿಲಿನ ಮುಖವನ್ನೂ ಬೇರೆ ಬೇರೆ ಬರೆದುಕೊಂಡು ಕಾಗದದ ಮೇಲೆ ಜೋಡಿಸಿ. ಸ್ವಲ್ಪ ಹೆಚ್ಚು ಕೆಲಸ, ಆದರೆ ಯಾರ ಮೈಮೇಲೂ ಗೋಡೆ ಬೀಳುವುದಿಲ್ಲ.

ಮಾರ್ಚ್ ಬಂತೆಂದರೆ ರಾಯಚೂರಿನ ಬಿಸಿಲು ಗೊತ್ತಲ್ಲ. ಬೆಳಿಗ್ಗೆ ಬೇಗ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸುವುದು ಒಳ್ಳೆಯದು. ಗೊತ್ತುಮಾಡಿದ ಅವಧಿ ಮೀರಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ಕುಡಿಯುವ ನೀರು, ನೆರಳು, ಔಷಧದ ಪೆಟ್ಟಿಗೆ, ಹೆಣ್ಣುಮಕ್ಕಳಿಗೆ ಮರೆಯ ಶೌಚಾಲಯ ಇವನ್ನು ಉಪಕಾರ ಎಂದು ಯಾರೂ ಕೊಡುವುದಲ್ಲ, ಕೊಡಲೇಬೇಕಾದವು. ಬೂದಿಗುಡ್ಡದ ಜರಡಿಯ ಹತ್ತಿರ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಪದವಿ ಮುಗಿಸಿ ಈ ಕ್ಷೇತ್ರಕ್ಕೆ ಬಂದ ಹುಡುಗ ಹುಡುಗಿಯರಿಗೂ ಹೇಳುವುದಿದೆ, ಸಮಯ ಕಡಿಮೆ. ನಿಮ್ಮ ಪಾಡು ಕೂಲಿಕಾರರಿಗಿಂತ ಮೇಲೇನಲ್ಲ. ಒಟ್ಟು ಸಂಭಾವನೆ ಎಂದು ಒಂದು ಮೊತ್ತ, ಅದರಲ್ಲೇ ಬಸ್ಸು, ಊಟ, ಬಾಡಿಗೆ. ಕೆಲವರಿಗೆ ಅದೂ ಇಲ್ಲ, "ಅನುಭವ ಸಿಗುತ್ತಲ್ಲ" ಎನ್ನುತ್ತಾರೆ. ಅನುಭವವನ್ನು ಕಿರಾಣಿ ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ನೇಮಕದ ಪತ್ರ ಕೇಳಿ. ಅವಧಿ, ತಿಂಗಳ ಪಗಾರ, ಪ್ರಯಾಣ ಮತ್ತು ವಸತಿಯ ಭತ್ಯೆ, ವಿಮೆ, ವರದಿಯಲ್ಲಿ ನಿಮ್ಮ ಹೆಸರು, ಈ ಐದೂ ಅದರಲ್ಲಿ ಇರಲಿ. ಪ್ರತಿಯಾಗಿ ನಿಮ್ಮಿಂದ ಆಗಬೇಕಾದದ್ದು: ದಿನದ ನೋಟ್‌ಬುಕ್ ಅದೇ ದಿನ ಬರೆಯುವುದು, ಆಳವನ್ನು ನೆಲದ ಮೇಲ್ಮೈಯಿಂದ ಅಳೆಯದೆ ಒಂದು ಸ್ಥಿರ ಗುರುತಿನಿಂದ ಅಳೆಯುವುದು. ನೆಲ ಇಳಿಜಾರಾಗಿದ್ದರೆ ಮೇಲ್ಮೈಯಿಂದ ಅಳೆದ ಎರಡು ಮೂಲೆಯ ಲೆಕ್ಕ ಎಂದೂ ಕೂಡುವುದಿಲ್ಲ. ಫೋಟೋದಲ್ಲಿ ಅಳತೆಕೋಲು ಮತ್ತು ಉತ್ತರ ದಿಕ್ಕಿನ ಬಾಣ ತಪ್ಪದೆ ಇರಲಿ.

ಹಿರಿಯರಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬಾರದು. ಮಸ್ಕಿಯನ್ನು ಬಿ.ಕೆ. ಥಾಪರ್ 1954ರಲ್ಲಿ ಅಗೆಸಿದರು, 1957ರಲ್ಲಿ ವರದಿ ಅಚ್ಚಾಯಿತು. ತೆಕ್ಕಲಕೋಟೆಯ ಅಗೆತ 1963-64ರದ್ದು, ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ 1965ರಲ್ಲೇ ವರದಿ ಕೊಟ್ಟರು. ಆಗ ಕಂಪ್ಯೂಟರ್ ಇರಲಿಲ್ಲ. ವರದಿ ಬರೆಯದವರಿಗೆ ಮುಂದಿನ ಪರವಾನಗಿ ಕೊಡಬಾರದು. ವರದಿಯಲ್ಲಿ ಕುರ್ಪಿ ಹಿಡಿದವರ ಹೆಸರನ್ನೂ ಅಚ್ಚುಹಾಕಿ, ಅರ್ಧ ಪುಟ ಸಾಕು.

ಕೊನೆಗೆ, ದುಡ್ಡು ಬಾರದಿದ್ದರೆ ಏನು ಮಾಡುವುದು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಿಗಬೇಕು. ಪಿಎಫ್ ಹಿಡಿಯುತ್ತಿದ್ದರೆ ನಿಮ್ಮ ಪಾಲು ನೂರಕ್ಕೆ 12, ಮಾಲೀಕರ ಪಾಲೂ ಅಷ್ಟೇ, ಆ ಎರಡನೆಯದನ್ನು ನಿಮ್ಮ ಕೂಲಿಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ನಿಮ್ಮ ಪಿಎಫ್ ಗುರುತಿನ ಸಂಖ್ಯೆ, ಅಂದರೆ ಯುಎಎನ್ ನಂಬರು, ಕೇಳಿ ಬರೆದಿಟ್ಟುಕೊಳ್ಳಿ. ಏಜೆನ್ಸಿಯವನು ಕೂಲಿ ಕೊಡದೆ ಊರು ಬಿಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಅದನ್ನು ಕೊಡಬೇಕು, ಅವನಿಂದ ವಸೂಲು ಮಾಡುವುದು ಅವರ ಪಾಡು. ರಾಜ್ಯದ ಕೆಲಸವಾದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಹತ್ತಿರ, ಕೇಂದ್ರದ ಕೆಲಸವಾದರೆ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಹತ್ತಿರ ಹೋಗಿ. ಒಬ್ಬೊಬ್ಬರೇ ಹೋಗಬೇಡಿ, ಒಂದು ಚೌಕದಲ್ಲಿ ದುಡಿದವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ. ಜೊತೆಗೆ ನೀವೇ ಬರೆದಿಟ್ಟ ಹಾಜರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಕೆಲಸದ ಜಾಗದಲ್ಲಿ ನೀವು ನಿಂತಿರುವ ಒಂದು ಫೋಟೋ ಇರಲಿ. ಅರ್ಜಿಯಲ್ಲಿ ನಿಮ್ಮ ಕೆಲಸ ಏನೆಂದು ಬರೆಯುವಾಗ "ಮಣ್ಣು ಕೆಲಸ" ಎಂದು ಬರೆಯಬೇಡಿ, "ಉತ್ಖನನ, ಕುಶಲ" ಎಂದು ಬರೆಯಿರಿ. ನಮಸ್ಕಾರ.